ಬರದ ಬೆನ್ನಿಗೆ ಬರ: ನೈಲ್ ನದಿಯ ಲೆಕ್ಕದಲ್ಲಿ ಹರ್ಸ್ಟ್ ಕಂಡದ್ದು

ಕೈರೋದ ಹಳೆಯ ಕೋಟೆಯಿಂದ ನಡುಮಧ್ಯಾಹ್ನಕ್ಕೆ ಒಂದು ತೋಪು ಹಾರಿಸುತ್ತಿದ್ದರು. ಊರಿನ ಗಡಿಯಾರಗಳು ಅದನ್ನು ಕೇಳಿ ಸರಿಹೋಗುತ್ತಿದ್ದವು. ವೀಕ್ಷಣಾಲಯದಿಂದ ಕೋಟೆಗೆ ಸರಿಯಾದ ಸಮಯವನ್ನು ತಿಳಿಸುವುದು, 1906ರಲ್ಲಿ ಇಂಗ್ಲೆಂಡಿನಿಂದ ಈಜಿಪ್ಟಿಗೆ ಬಂದಿಳಿದ ಹೆರಾಲ್ಡ್ ಎಡ್ವಿನ್ ಹರ್ಸ್ಟ್ ಅವರ ಪಾಲಿಗೆ ಬಂದ ಮೊದಮೊದಲ ಕೆಲಸಗಳಲ್ಲಿ ಒಂದು. ಆಗ ಅವರಿಗೆ 26 ವರ್ಷ. ಲೆಸ್ಟರ್ ಕಡೆಯ ಒಬ್ಬ ಮನೆ ಕಟ್ಟುವ ಮೇಸ್ತ್ರಿಯ ಮಗ. 15ನೇ ವಯಸ್ಸಿಗೆ ಶಾಲೆ ಬಿಟ್ಟು, ಸಂಜೆ ತರಗತಿಗಳಲ್ಲಿ ಓದಿ, ಆಕ್ಸ್‌ಫರ್ಡ್ ಸೇರಿ ಭೌತವಿಜ್ಞಾನದಲ್ಲಿ ಮೊದಲ ದರ್ಜೆ ಪಡೆದವರು. ಸ್ವಲ್ಪ ಕಾಲ ಇದ್ದು ಹೋಗೋಣವೆಂದು ಬಂದವರನ್ನು ನೈಲ್ ನದಿ ಬಿಡಲಿಲ್ಲ. ಆ ನದಿಯ ನಂಟು ಅವರಿಗೆ ಅರುವತ್ತು ವರ್ಷಕ್ಕೂ ಮೀರಿ ಉಳಿಯಿತು. ಅಲ್ಲಿನ ಜನ ಅವರನ್ನು ‘ಅಬು ನಿಲ್’, ಅಂದರೆ ನೈಲ್‌ನ ಅಪ್ಪ ಎಂದು ಕರೆದರು.

ಅವರ ಮುಂದಿದ್ದ ಪ್ರಶ್ನೆ ನಮ್ಮ ಯಾವ ರೈತನಿಗೂ ಅರ್ಥವಾಗುವಂಥದ್ದೇ. ನೂರು ವರ್ಷ ನಾಲೆಯಲ್ಲಿ ನೀರು ತಪ್ಪದೆ ಹರಿಯಬೇಕಾದರೆ ಜಲಾಶಯ ಎಷ್ಟು ದೊಡ್ಡದಿರಬೇಕು?

ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಇರುವ ನೀರೆಲ್ಲ ದೂರದ ಇಥಿಯೋಪಿಯಾದ ಬೆಟ್ಟಗಳಿಂದಲೂ ಪೂರ್ವ ಆಫ್ರಿಕಾದ ಸರೋವರಗಳಿಂದಲೂ ಇಳಿದು ಬರುವಂಥದ್ದು. ಆಗಸ್ಟ್–ಸೆಪ್ಟೆಂಬರಿನಲ್ಲಿ ಕೆಂಪು ಮಣ್ಣು ಹೊತ್ತ ಪ್ರವಾಹ ಉಕ್ಕುತ್ತಿತ್ತು. ಬೇಸಿಗೆಯ ಹೊತ್ತಿಗೆ ನದಿ ಬಡವಾಗುತ್ತಿತ್ತು. ಹಳೆಯ ಕಾಲದ ಬೆಳೆಗಳು ಪ್ರವಾಹ ಇಳಿದ ಮೇಲೆ ಒದ್ದೆ ನೆಲದಲ್ಲಿ ಬರುತ್ತಿದ್ದವು. ಹತ್ತಿ ಹಾಗಲ್ಲ, ಅದಕ್ಕೆ ಬೇಸಿಗೆಯಲ್ಲೇ ನೀರು ಬೇಕು. ಹತ್ತಿಯ ಹಣ ಬೇಕಾದ ಸರ್ಕಾರ 1902ರಲ್ಲಿ ಆಸ್ವಾನ್‌ನಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿತು. ಆ ಕಟ್ಟೆಗೆ 180 ತೂಬುಗಳು. ಪ್ರವಾಹದ ಮುಂಭಾಗ ಹೂಳು ಹೊತ್ತು ಬರುವಾಗ ತೂಬುಗಳನ್ನೆಲ್ಲ ತೆರೆದಿಟ್ಟು ನೀರನ್ನು ಸಾಗಹಾಕುವುದು, ನೀರು ತಿಳಿಯಾದ ಮೇಲೆ ಬಾಲದ ಭಾಗವನ್ನು ಮಾತ್ರ ಹಿಡಿದು ಬೇಸಿಗೆಗೆ ಬಿಡುವುದು ಕ್ರಮ. ಕಟ್ಟೆಯನ್ನು 1912ರಲ್ಲಿ ಒಮ್ಮೆ, 1933ರಲ್ಲಿ ಇನ್ನೊಮ್ಮೆ ಎತ್ತರಿಸಿದರು. ಕೊನೆಗೆ ಅದು ಹಿಡಿದದ್ದು ಸುಮಾರು 5 ಶತಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ 175 ಟಿಎಂಸಿಯಷ್ಟು.

ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ನೈಲ್ ಆಸ್ವಾನ್‌ನಲ್ಲಿ ವರ್ಷಕ್ಕೆ ಸರಾಸರಿ 84 ಶತಕೋಟಿ ಘನ ಮೀಟರ್, ಹತ್ತಿರಹತ್ತಿರ 3,000 ಟಿಎಂಸಿ ನೀರು ತರುತ್ತದೆ. ಅದರ ಮುಂದೆ ಈ ಕಟ್ಟೆ ಒಂದು ವರ್ಷದೊಳಗಿನ ಹೊಂದಾಣಿಕೆಗೆ ಮಾತ್ರ ಸಾಕು. ಈ ವರ್ಷದ ಪ್ರವಾಹವನ್ನು ಈ ವರ್ಷದ ಬೇಸಿಗೆಗೆ ತಲುಪಿಸುತ್ತದೆ, ಅಷ್ಟೆ. ಪ್ರವಾಹವೇ ಕೈಕೊಟ್ಟರೆ? 1913ರಲ್ಲಿ ಹಾಗೇ ಆಯಿತು. ನದಿ ಸರಾಸರಿಯ ಅರ್ಧದಷ್ಟೇ ನೀರು ತಂದಿತು. ಒಳ್ಳೆಯ ವರ್ಷಗಳ ನೀರನ್ನು ಕೂಡಿಟ್ಟು ಕೆಟ್ಟ ವರ್ಷಗಳಿಗೆ ದಾಟಿಸುವ ಜಲಾಶಯ ಬೇಕು ಎಂಬ ಮಾತು ಆಗ ಗಟ್ಟಿಯಾಯಿತು. ಇದನ್ನು ಹರ್ಸ್ಟ್ ಮತ್ತು ಅವರ ಜೊತೆಗಾರರು ‘ಶತಮಾನದ ಸಂಗ್ರಹ’ ಎಂದು ಕರೆದರು.

ಗಾತ್ರ ಲೆಕ್ಕ ಹಾಕುವ ದಾರಿ ಆಗಲೇ ಇತ್ತು. 1883ರಲ್ಲಿ ರಿಪ್ಲ್ ಎಂಬ ಎಂಜಿನಿಯರ್ ಅದನ್ನು ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ನಡಾವಳಿಯಲ್ಲಿ ಪ್ರಕಟಿಸಿದ್ದರು. ವರ್ಷವರ್ಷದ ಒಳಹರಿವನ್ನು ಕೂಡಿಸುತ್ತ ಹೋಗಿ, ಪ್ರತಿ ವರ್ಷ ಬಿಡಬೇಕಾದ ನೀರನ್ನು ಕಳೆಯುತ್ತ ಹೋದರೆ ಒಂದು ಏರಿಳಿತದ ಗೆರೆ ಸಿಗುತ್ತದೆ. ಅದರಿಂದ ಜಲಾಶಯದ ಗಾತ್ರ ಹೊರಡುತ್ತದೆ. ಪ್ರತಿ ವರ್ಷ ಬಿಡುವ ನೀರು ಸರಾಸರಿಯಷ್ಟೇ ಇದ್ದರೆ ಲೆಕ್ಕ ಇನ್ನೂ ಸರಳ: ಗೆರೆಯ ಅತ್ಯಂತ ಎತ್ತರದ ಬಿಂದುವಿಗೂ ಅತ್ಯಂತ ತಗ್ಗಿನ ಬಿಂದುವಿಗೂ ಇರುವ ಅಂತರವೇ ಜಲಾಶಯದ ಗಾತ್ರ. ಹರ್ಸ್ಟ್ ಹಿಡಿದದ್ದು ಈ ಅಂತರವನ್ನೇ.

ಇದನ್ನು ಕಾಗದದ ಮೇಲೆ ಮಾಡಿ ನೋಡಬೇಕು. ಒಂದು ನದಿ ಹತ್ತು ವರ್ಷದಲ್ಲಿ ಐದು ವರ್ಷ 120 ಟಿಎಂಸಿ, ಐದು ವರ್ಷ 80 ಟಿಎಂಸಿ ತರುತ್ತದೆ ಎಂದುಕೊಳ್ಳಿ. ಸರಾಸರಿ 100. ಪ್ರತಿ ವರ್ಷ ನಾಲೆಗೆ 100 ಬಿಡಬೇಕು. ಒಂದು ವರ್ಷ 120, ಮರುವರ್ಷ 80, ಹೀಗೆ ಒಂದು ಬಿಟ್ಟು ಒಂದು ಬಂದರೆ 20 ಟಿಎಂಸಿಯ ಜಲಾಶಯ ಸಾಕು. ಮೊದಲ ವರ್ಷ ತುಂಬುತ್ತದೆ, ಎರಡನೆಯ ವರ್ಷ ಖಾಲಿಯಾಗುತ್ತದೆ. ಈಗ ಅವೇ ಹತ್ತು ಸಂಖ್ಯೆಗಳನ್ನು ಬೇರೆ ಸಾಲಿನಲ್ಲಿ ಇಡಿ: ಮೊದಲು ಐದೂ ಒಳ್ಳೆಯ ವರ್ಷ, ಆಮೇಲೆ ಐದೂ ಕೆಟ್ಟ ವರ್ಷ. ಜಲಾಶಯ 100 ಟಿಎಂಸಿ ಹಿಡಿಯಬೇಕು. ಐದು ಪಟ್ಟು! ಸರಾಸರಿ ಬದಲಾಗಿಲ್ಲ. ಅತಿ ಹೆಚ್ಚು, ಅತಿ ಕಡಿಮೆ ಬದಲಾಗಿಲ್ಲ. ಬದಲಾದದ್ದು ವರ್ಷಗಳು ಬಂದ ಸಾಲು ಮಾತ್ರ.

ಹಾಗಾದರೆ ನದಿ ತನ್ನ ವರ್ಷಗಳನ್ನು ಯಾವ ಸಾಲಿನಲ್ಲಿ ಕಳಿಸುತ್ತದೆ? ಎಂಜಿನಿಯರ್ ಕೈಯಲ್ಲಿ ನಲವತ್ತು ಐವತ್ತು ವರ್ಷದ ದಾಖಲೆ ಇದ್ದರೆ ಅದೇ ಪುಣ್ಯ. ಅದರಿಂದ ಮುಂದಿನ ನೂರು ವರ್ಷಕ್ಕೆ ಅಂದಾಜು ಕಟ್ಟಬೇಕು. ಒಂದು ವರ್ಷಕ್ಕೂ ಮರುವರ್ಷಕ್ಕೂ ಸಂಬಂಧವಿಲ್ಲ, ನಾಣ್ಯ ಚಿಮ್ಮಿದ ಹಾಗೆ ಬರುತ್ತವೆ ಎಂದು ಎಣಿಸುವುದು ಸುಲಭದ ದಾರಿ. ಹರ್ಸ್ಟ್ ಆ ಎಣಿಕೆಯನ್ನು ನಂಬಿ ಸುಮ್ಮನಾಗಲಿಲ್ಲ. ಪರೀಕ್ಷಿಸಿದರು. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೌರವ ಹುಟ್ಟಿಸುವುದು ಇದೇ.

ಅದಕ್ಕೆ ಬೇಕಾದ ಉದ್ದದ ದಾಖಲೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದಿದ್ದರೂ ಕೈರೋದಲ್ಲಿತ್ತು. ನದಿಯ ನಡುವಿನ ರೋಡಾ ದ್ವೀಪದಲ್ಲಿ ಕಲ್ಲು ಕಟ್ಟಿದ ಒಂದು ಆಳವಾದ ಬಾವಿ ಇದೆ. ನದಿಯ ನೀರು ಸುರಂಗಗಳಿಂದ ಅದರೊಳಗೆ ಬರುತ್ತಿತ್ತು. ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ, ಅದರ ಮೈಮೇಲೆ ಮೊಳಗಳ ಗುರುತು. ಈಗಿರುವ ಕಟ್ಟಡ 861ರದು, ದಾಖಲೆ ಅದಕ್ಕೂ ಹಿಂದಿನ 622ರಿಂದ ಶುರುವಾಗುತ್ತದೆ. ಪ್ರವಾಹ 16 ಮೊಳ ಮುಟ್ಟಿದರೆ ಊರಿಗೆ ಹಬ್ಬ, ಅರಮನೆಗೆ ಕಂದಾಯ. ಮುಟ್ಟದಿದ್ದರೆ ಹಸಿವು. ಕಂದಾಯ ಇದರ ಮೇಲೆ ನಿಂತಿದ್ದರಿಂದಲೇ ರಾಜವಂಶಗಳು ಬದಲಾದರೂ ಅಳತೆ ನಿಲ್ಲಲಿಲ್ಲ. 622ರಿಂದ 1284ರವರೆಗಿನ ಆರುನೂರಕ್ಕೂ ಹೆಚ್ಚು ವರ್ಷದ ಅಳತೆ ಹೆಚ್ಚುಕಡಿಮೆ ಮುರಿಯದೆ ಉಳಿದಿದೆ. ಅಲ್ಲಿ ಕಂಬ ನೋಡಿ ಬರೆದುಕೊಳ್ಳುತ್ತಿದ್ದವರಿಗೆ, ಸಾವಿರ ವರ್ಷದ ಮೇಲೆ ಒಬ್ಬರು ಇದರಿಂದ ಅಣೆಕಟ್ಟಿನ ಗಾತ್ರ ಲೆಕ್ಕ ಹಾಕುತ್ತಾರೆ ಎಂಬ ಕಲ್ಪನೆಯೂ ಇದ್ದಿರಲಾರದು.

ಹರ್ಸ್ಟ್ ಮೊದಲು ಸಂಬಂಧವೇ ಇಲ್ಲದ ಸಾಲು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿದರು. ಕಂಪ್ಯೂಟರ್ ಇಲ್ಲದ ಕಾಲ. ಹತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ, ಎಷ್ಟು ತಲೆ ಬಿದ್ದವು ಎಂದು ಬರೆದುಕೊಂಡರು. ಅದು ನಿಧಾನ. ಆಮೇಲೆ ಇಸ್ಪೀಟಿನಂಥ 52 ಎಲೆಗಳ ಒಂದು ಕಟ್ಟನ್ನು ತಾವೇ ಮಾಡಿಕೊಂಡರು. ಎಲೆಗಳ ಮೇಲೆ ಅಧಿಕ ಇಲ್ಲವೇ ಋಣ ಗುರುತಿನ 1, 3, 5, 7 ಸಂಖ್ಯೆಗಳು. ಚಿಕ್ಕ ಸಂಖ್ಯೆಯ ಎಲೆಗಳು ಹೆಚ್ಚು, ದೊಡ್ಡವು ಕಡಿಮೆ: ಅಧಿಕ 1 ಹದಿಮೂರು, ಅಧಿಕ 3 ಎಂಟು, ಅಧಿಕ 5 ನಾಲ್ಕು, ಅಧಿಕ 7 ಒಂದೇ ಒಂದು. ಋಣದ ಕಡೆಯೂ ಹಾಗೆಯೇ. ಅತಿವೃಷ್ಟಿಯ ವರ್ಷವೂ ಘೋರ ಬರದ ವರ್ಷವೂ ಅಪರೂಪ, ಸಾಧಾರಣ ವರ್ಷಗಳೇ ಹೆಚ್ಚು ಎಂಬುದನ್ನು ಎಲೆಗಳಲ್ಲಿ ಹೀಗೆ ಹೇಳಿದ್ದು. ಕಲಸಿ, ಕತ್ತರಿಸಿ, ಬಂದ ಸಂಖ್ಯೆ ಬರೆದು, ಮತ್ತೆ ಕಲಸುವುದು. ಒಂದು ಎಲೆ ಎಂದರೆ ಒಂದು ವರ್ಷ.

ಉತ್ತರ ಸಿದ್ಧಾಂತ ಹೇಳಿದಂತೆಯೇ ಬಂತು. ಸಂಬಂಧವಿಲ್ಲದ ಸಾಲಿನಲ್ಲಿ ಬೇಕಾದ ಸಂಗ್ರಹ ವರ್ಷಗಳ ವರ್ಗಮೂಲದ ಹಾಗೆ ಬೆಳೆಯುತ್ತದೆ. ವರ್ಷಗಳು ನಾಲ್ಕು ಪಟ್ಟಾದರೆ ಜಲಾಶಯ ಎರಡು ಪಟ್ಟು ಸಾಕು. (ಏರಿಳಿತದ ಅಳತೆಗೆ ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುತ್ತಾರೆ. ಹರ್ಸ್ಟ್ ಸಂಗ್ರಹವನ್ನು ಅದರಿಂದ ಭಾಗಿಸಿದರು. ಹಾಗಾಗಿ ದೊಡ್ಡ ನದಿ, ಸಣ್ಣ ನದಿ, ಮಳೆ, ಮರದ ಕಾಂಡದ ಉಂಗುರ ಎಲ್ಲವನ್ನೂ ಒಂದೇ ಮಾಪಕದಲ್ಲಿ ಇಟ್ಟು ನೋಡಲು ಬಂತು.)

ಆಮೇಲೆ ನೈಲ್‌ನ ಸಂಖ್ಯೆಗಳನ್ನು ಅದೇ ಲೆಕ್ಕಕ್ಕೆ ಹಾಕಿದರು. ಹೊಂದಲಿಲ್ಲ. ನದಿಗೆ ಎಲೆಗಳು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಸಂಗ್ರಹ ಬೇಕಾಗಿತ್ತು. ದಾಖಲೆ ಉದ್ದವಾದಷ್ಟೂ ಅಂತರ ಹಿಗ್ಗುತ್ತಿತ್ತು.

ಇದು ನೈಲ್ ಒಂದರದೇ ವಿಚಿತ್ರವಿರಬಹುದೇ? ಹರ್ಸ್ಟ್ ಕೈಗೆ ಸಿಕ್ಕಿದ ಉದ್ದನೆಯ ದಾಖಲೆಗಳನ್ನೆಲ್ಲ ಕೂಡಿಹಾಕಿದರು. ಬೇರೆ ದೇಶದ ನದಿಗಳು, ಸರೋವರದ ಮಟ್ಟಗಳು, ಮಳೆ, ಉಷ್ಣಾಂಶ, ಗಾಳಿಯ ಒತ್ತಡ, ಹಳೆಯ ಮರಗಳ ಕಾಂಡದ ಉಂಗುರಗಳು, ಸರೋವರದ ತಳದಲ್ಲಿ ವರ್ಷಕ್ಕೊಂದು ಪದರದಂತೆ ಕೂತ ಹೂಳು, ಸೂರ್ಯನ ಕಲೆಗಳು, ಕೊನೆಗೆ ಗೋಧಿಯ ಬೆಲೆ. ಸುಮಾರು 75 ಬಗೆಯ ದಾಖಲೆಗಳು. ಒಂದೊಂದಕ್ಕೂ ಕೈಯಲ್ಲೇ ಕೂಡಿ ಕಳೆದು ಲೆಕ್ಕ. ಬಹುಪಾಲು ಎಲ್ಲವೂ ಒಂದೇ ಕಡೆಗೆ ಬೆರಳು ತೋರಿದವು. ಸಂಗ್ರಹ ವರ್ಷಗಳ ಅರ್ಧ ಘಾತದ ಹಾಗೆ, ಅಂದರೆ ವರ್ಗಮೂಲದ ಹಾಗೆ ಬೆಳೆಯದೆ, ಸರಾಸರಿ 0.72ರ ಘಾತದ ಹಾಗೆ ಬೆಳೆಯುತ್ತಿತ್ತು. ಆ ಪ್ರಕಾರ ವರ್ಷಗಳು ನಾಲ್ಕು ಪಟ್ಟಾದರೆ ಜಲಾಶಯ ಎರಡು ಪಟ್ಟಾದರೆ ಸಾಲದು, 2.7 ಪಟ್ಟಾಗಬೇಕು. ನೂರು ವರ್ಷದ ಲೆಕ್ಕಕ್ಕೆ ನಾಣ್ಯದ ಎಣಿಕೆ ಹೇಳುವುದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು, ಸಾವಿರ ವರ್ಷಕ್ಕಾದರೆ ಎರಡು ಪಟ್ಟಿಗೂ ಮೀರಿ.

ಇದರರ್ಥ ಇಷ್ಟೇ: ಪ್ರಕೃತಿಯಲ್ಲಿ ಒಳ್ಳೆಯ ವರ್ಷಗಳು ಒಳ್ಳೆಯವುಗಳ ಜೊತೆ, ಕೆಟ್ಟವು ಕೆಟ್ಟವುಗಳ ಜೊತೆ ಗುಂಪುಗೂಡಿ ಬರುತ್ತವೆ. ಆ ಗುಂಪಿಗೆ ಗೊತ್ತಾದ ಉದ್ದವಿಲ್ಲ. ನದಿಯ ಹರಿವಿನಲ್ಲಿ ಹನ್ನೊಂದು ವರ್ಷಕ್ಕೊಮ್ಮೆ, ಮೂವತ್ತು ವರ್ಷಕ್ಕೊಮ್ಮೆ ಎಂಬ ಚಕ್ರವೂ ಇಲ್ಲ. ಚಕ್ರವಿದ್ದಿದ್ದರೆ ಪಂಚಾಂಗ ನೋಡಿ ಕಟ್ಟೆ ಕಟ್ಟಬಹುದಿತ್ತು. ನೈಲ್‌ನ ಇತ್ತೀಚಿನ ದಾಖಲೆಯೇ ಇದಕ್ಕೆ ದೊಡ್ಡ ಸಾಕ್ಷಿ. 1870ರಿಂದ 1898ರವರೆಗೆ ಆಸ್ವಾನ್‌ನಲ್ಲಿ ವರ್ಷದ ಸರಾಸರಿ ಹರಿವು ಸುಮಾರು 110 ಶತಕೋಟಿ ಘನ ಮೀಟರ್ ಇತ್ತು. 1899ರ ನಂತರದ ಐವತ್ತು ಚಿಲ್ಲರೆ ವರ್ಷಗಳ ಸರಾಸರಿ ಸುಮಾರು 84ಕ್ಕೆ ಕುಸಿಯಿತು. ಮೊದಲ ಮೂವತ್ತು ವರ್ಷದ ಲೆಕ್ಕ ನಂಬಿ ನಾಲೆ ತೋಡಿದ್ದರೆ ಮುಂದಿನ ಎರಡು ತಲೆಮಾರು ಒಣಗುತ್ತಿತ್ತು.

1951ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ನಡಾವಳಿಯಲ್ಲಿ ಈ ಲೆಕ್ಕ ಪ್ರಕಟವಾಯಿತು. ಹರ್ಸ್ಟ್ ಅವರಿಗೆ ಆಗ 71. ನಲವತ್ತು ವರ್ಷ ನದಿಯ ಹಿಂದೆ ಬಿದ್ದು, ಮೂಲದಿಂದ ಮುಖಜಭೂಮಿಯವರೆಗೆ ಅಳತೆ ಮಾಡಿಸಿದ ಮೇಲೆ ಕೈಗೂಡಿದ ಫಲ ಅದು. ಅದೇ ವರ್ಷ ವಿಲಿಯಂ ಫೆಲ್ಲರ್ ಎಂಬ ಗಣಿತಜ್ಞರು ಸಂಬಂಧವಿಲ್ಲದ ಸಾಲುಗಳಿಗೆ ವರ್ಗಮೂಲದ ನಿಯಮವೇ ಸರಿ ಎಂದು ಕಟ್ಟುನಿಟ್ಟಾಗಿ ಸಾಧಿಸಿ ತೋರಿಸಿದರು. ಹಾಗಾದರೆ ನದಿಗಳು ಆ ನಿಯಮ ಮೀರುವುದು ಏಕೆ ಎಂಬ ಒಗಟು ಇನ್ನಷ್ಟು ಬಿಗಿಯಾಯಿತು.

ಹರ್ಸ್ಟ್ ಉತ್ತರಕ್ಕಾಗಿ ಮತ್ತೆ ಇಸ್ಪೀಟಿಗೆ ಹೋದರು. 1957ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ವಿವರಿಸಿದರು. ಅದೇ 52 ಎಲೆಗಳನ್ನು ಕಲಸಿ ಒಂದು ಎಲೆ ಕತ್ತರಿಸಿ ನೋಡುವುದು. ಅಧಿಕ 3 ಬಂತು ಎನ್ನಿ. ಎಲೆಗಳನ್ನು 26ರಂತೆ ಎರಡು ಕೈಗೆ ಹಂಚುವುದು. ಎರಡನೆಯ ಕೈಯ ಅತಿ ದೊಡ್ಡ ಮೂರು ಎಲೆಗಳನ್ನು ಮೊದಲನೆಯ ಕೈಗೆ ಸೇರಿಸಿ, ಮೊದಲನೆಯದರ ಅತಿ ಚಿಕ್ಕ ಮೂರನ್ನು ತೆಗೆಯುವುದು. ಈಗ ಮೊದಲನೆಯ ಕೈ ಸುಭಿಕ್ಷದ ಕಡೆಗೆ ವಾಲಿದೆ. ಅದಕ್ಕೆ ಒಂದು ಜೋಕರ್ ಸೇರಿಸಿ, ಆ ಕೈಯಿಂದಲೇ ಕಲಸಿ ಕತ್ತರಿಸಿ ವರ್ಷಗಳನ್ನು ಬರೆಯುತ್ತ ಹೋಗುವುದು. ಜೋಕರ್ ಬಂದ ಕೂಡಲೇ ಆಟ ಮುರಿದು, ಎಲ್ಲ ಎಲೆಗಳನ್ನೂ ಸೇರಿಸಿ, ಮತ್ತೆ ಮೊದಲಿನಿಂದ ಹಂಚುವುದು. ಈ ಸಲ ಋಣದ ಎಲೆ ಬಂದರೆ ಕೈ ಬರದ ಕಡೆಗೆ ವಾಲುತ್ತದೆ.

27 ಎಲೆಗಳಲ್ಲಿ ಜೋಕರ್ ಒಂದೇ. ಮೊದಲ ಸಲವೇ ಬರಬಹುದು, ಅರುವತ್ತು ಸಲವಾದರೂ ಬಾರದಿರಬಹುದು. ಒಳ್ಳೆಯ ಕಾಲ ಯಾವಾಗ ಮುಗಿಯುತ್ತದೆಂದು ಆಡುವವನಿಗೆ ಸುಳಿವಿಲ್ಲ. ವಾಲಿದ ಕೈಯೊಳಗೂ ಆಗೀಗ ಎದುರು ಎಲೆ ಬರುತ್ತದೆ, ಬರಗಾಲದ ನಡುವೆ ಒಂದು ತುಂಬು ಮಳೆಯ ವರ್ಷ ಬರುವ ಹಾಗೆ. ಹೀಗೆ ಬರೆದ ಸಾಲುಗಳಿಗೆ ಹರ್ಸ್ಟ್ ತಮ್ಮ ಲೆಕ್ಕ ಹಾಕಿದರು. ಘಾತ 0.71ರ ಆಸುಪಾಸು ಬಂತು, ನದಿಗಳಲ್ಲಿ ಕಂಡದ್ದಕ್ಕೆ ಕೂದಲೆಳೆಯಷ್ಟು ಸಮೀಪ. ನದಿಯ ಹಿಂದಿರುವ ಹವೆಯ ಸ್ಥಿತಿ ಒಂದು ನೆಲೆಯಲ್ಲಿ ಕೆಲವು ಕಾಲ ನಿಂತು, ಹೇಳದೆ ಕೇಳದೆ ಇನ್ನೊಂದು ನೆಲೆಗೆ ಹೋಗುತ್ತದೆ ಎಂಬ ಚಿತ್ರವನ್ನು ಇಷ್ಟು ಕಡಿಮೆ ಸಲಕರಣೆಯಲ್ಲಿ ಕಟ್ಟಿಕೊಟ್ಟ ಪ್ರಯೋಗ ವಿಜ್ಞಾನದಲ್ಲಿ ಅಪರೂಪ.

1960ರ ದಶಕದಲ್ಲಿ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರೋ ಈ ಫಲಿತಾಂಶವನ್ನು ಎತ್ತಿಕೊಂಡು ಅದಕ್ಕೆ ಗಣಿತದ ಬುನಾದಿ ಹಾಕಿದರು. ಬೈಬಲ್ಲಿನ ಜೋಸೆಫ್ ಈಜಿಪ್ಟಿನ ದೊರೆಗೆ ಏಳು ವರ್ಷ ಸುಭಿಕ್ಷ, ಏಳು ವರ್ಷ ಕ್ಷಾಮ ಎಂದು ಹೇಳಿದ ಕತೆಯ ನೆನಪಿಗೆ ‘ಜೋಸೆಫ್ ಪರಿಣಾಮ’ ಎಂದು ಹೆಸರಿಟ್ಟರು. ಘಾತಕ್ಕೆ ‘ಹರ್ಸ್ಟ್ ಘಾತ’ ಎಂಬ ಹೆಸರು ನಿಂತಿತು. ಇವತ್ತು ಷೇರುಪೇಟೆಯವರೂ ಹೃದಯದ ಬಡಿತ ಅಳೆಯುವವರೂ ಇಂಟರ್ನೆಟ್ ದಟ್ಟಣೆ ನೋಡುವವರೂ ಅದನ್ನು ಬಳಸುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಇದು ಹತ್ತಿ ಗದ್ದೆಗೆ ನೀರು ಬಿಡುವ ಚಿಂತೆಯಿಂದ ಹುಟ್ಟಿದ್ದು ಎಂಬುದು ಗೊತ್ತಿರಲಿಕ್ಕಿಲ್ಲ.

ಈಜಿಪ್ಟಿನಲ್ಲಿ ಲೆಕ್ಕ ಕಾಗದದಲ್ಲಿ ಉಳಿಯಲಿಲ್ಲ. ಹರ್ಸ್ಟ್ ಮತ್ತು ಅವರ ಜೊತೆಗಾರರಾದ ಬ್ಲ್ಯಾಕ್, ಸಿಮೈಕಾ 1946ರಲ್ಲಿ ಮುಂದಿಟ್ಟ ಯೋಜನೆ ನೀರನ್ನು ವಿಕ್ಟೋರಿಯಾ, ಆಲ್ಬರ್ಟ್ ಸರೋವರಗಳಲ್ಲಿ ಕೂಡಿಡುವುದಾಗಿತ್ತು. ಅಲ್ಲಿ ಆವಿಯಾಗಿ ಹೋಗುವ ನಷ್ಟ ಕಡಿಮೆ. ಆದರೆ ನೀರಿನ ಬೀಗದ ಕೈ ಬೇರೆ ದೇಶಗಳಲ್ಲಿ ಇರುತ್ತಿತ್ತು. 1952ರ ಕ್ರಾಂತಿಯ ಬಳಿಕ ಬಂದ ಸರ್ಕಾರ, ಎಂಜಿನಿಯರ್ ಏಡ್ರಿಯನ್ ಡ್ಯಾನಿನೋಸ್ ಸೂಚಿಸಿದ್ದಂತೆ, ತನ್ನ ನೆಲದಲ್ಲೇ ಒಂದು ಭಾರೀ ಕಟ್ಟೆ ಬೇಕೆಂದಿತು. 1960ರಲ್ಲಿ ಶುರುವಾಗಿ 1970ರಲ್ಲಿ ಮುಗಿದ ಆಸ್ವಾನ್ ಎತ್ತರದ ಅಣೆಕಟ್ಟು 111 ಮೀಟರ್ ಎತ್ತರದ್ದು. ಅದರ ಹಿಂದಿನ ಸರೋವರ ಸುಮಾರು 160 ಶತಕೋಟಿ ಘನ ಮೀಟರ್ ಹಿಡಿಯುತ್ತದೆ, 5,600 ಟಿಎಂಸಿಗೂ ಹೆಚ್ಚು. ನದಿ ಎರಡು ವರ್ಷದಲ್ಲಿ ತರುವ ನೀರಿಗೆ ಸಮ.

ಇದರ ಬೆಲೆ ಸಣ್ಣದಲ್ಲ. ಮುಳುಗಿದ ನೆಲದ ಸುಮಾರು ಒಂದು ಲಕ್ಷ ನುಬಿಯನ್ನರು ಊರು ಬಿಟ್ಟರು. ವರ್ಷಕ್ಕೆ ಸುಮಾರು 10 ಶತಕೋಟಿ ಘನ ಮೀಟರ್ ನೀರು ಮರುಭೂಮಿಯ ಬಿಸಿಲಿಗೆ ಆವಿಯಾಗುತ್ತದೆ. ನಮ್ಮ ಏಳು ಕೃಷ್ಣರಾಜಸಾಗರಗಳಷ್ಟು! ಸಾವಿರಾರು ವರ್ಷ ಹೊಲಗಳಿಗೆ ಬರುತ್ತಿದ್ದ ಮೆಕ್ಕಲು ಮಣ್ಣು ಕಟ್ಟೆಯ ಹಿಂದೆ ನಿಂತುಬಿಟ್ಟಿತು. ದೊಡ್ಡ ಸಂಗ್ರಹ ಬೇಕೆಂದು ಲೆಕ್ಕ ಹೇಳಿದಾಗ ಈ ಮಾತನ್ನೂ ಜೊತೆಗೇ ಹೇಳಬೇಕು.

ಕಟ್ಟೆಗೆ ಪರೀಕ್ಷೆ ಬೇಗ ಬಂತು. 1979ರಿಂದ ನೈಲ್ ಸತತ ಬಡವಾಯಿತು. ಒಂದರ ಬೆನ್ನಿಗೊಂದು ಕೆಟ್ಟ ವರ್ಷಗಳು, ಹರ್ಸ್ಟ್ ಹೇಳಿದ್ದ ಅದೇ ಗುಂಪು. 1984ರಲ್ಲಿ ಇಥಿಯೋಪಿಯಾದಲ್ಲಿ ಭೀಕರ ಕ್ಷಾಮ. ಈಜಿಪ್ಟಿನ ನಾಲೆಗಳಲ್ಲಿ ಮಾತ್ರ ನೀರು ಹರಿಯುತ್ತಲೇ ಇತ್ತು. 1988ರ ಜುಲೈ ಹೊತ್ತಿಗೆ ಸರೋವರ ಸುಮಾರು 150 ಮೀಟರ್ ಮಟ್ಟಕ್ಕೆ ಇಳಿದಿತ್ತು. 147ಕ್ಕೆ ಇಳಿದರೆ ವಿದ್ಯುತ್ ಯಂತ್ರಗಳು ನಿಲ್ಲುತ್ತಿದ್ದವು. ಆಗಸ್ಟಿನಲ್ಲಿ ಮಳೆ ಸುರಿದು ಸುಡಾನಿನ ಖಾರ್ಟೂಮ್ ಮುಳುಗುವಷ್ಟು ಪ್ರವಾಹ ಬಂದು ನದಿ ತುಂಬಿತು. ಹರ್ಸ್ಟ್ ಅದನ್ನು ನೋಡಲು ಇರಲಿಲ್ಲ. 1978ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ನಮ್ಮ ನದಿಗಳ ಲೆಕ್ಕ ಓದುವಾಗ ನನಗೆ ಹರ್ಸ್ಟ್ ನೆನಪಾಗುವುದು ಒಂದು ಕಾರಣಕ್ಕೆ. ಬಚಾವತ್ ನ್ಯಾಯಮಂಡಳಿ ಕೃಷ್ಣೆಯ 78 ವರ್ಷದ ಹರಿವನ್ನು ಆಧರಿಸಿ, ನೂರರಲ್ಲಿ 75 ವರ್ಷ ಸಿಗುವ ನೀರು 2,060 ಟಿಎಂಸಿ ಎಂದು ಹೇಳಿತು. ಕಾವೇರಿಗೆ ನೂರರಲ್ಲಿ 50 ವರ್ಷದ ಅವಲಂಬನೆಯಲ್ಲಿ 740 ಟಿಎಂಸಿ ಎಂದದ್ದು ಕಾವೇರಿಯದೇ ನ್ಯಾಯಮಂಡಳಿ. ಹಂಚಿಕೆಗೆ ಇಂಥ ಲೆಕ್ಕ ಬೇಕೇ ಬೇಕು. ಆದರೆ ಈ ಅವಲಂಬನೆ ಕಂಡುಹಿಡಿಯುವ ಕ್ರಮವೇನು? ವರ್ಷಗಳನ್ನೆಲ್ಲ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಎಷ್ಟನೆಯ ಸ್ಥಾನದಲ್ಲಿ ಎಷ್ಟು ನೀರಿದೆ ಎಂದು ನೋಡುವುದು. ಹಾಗೆ ಜೋಡಿಸಿದ ಕ್ಷಣವೇ ವರ್ಷಗಳು ಬಂದ ಸಾಲು ಅಳಿಸಿಹೋಗುತ್ತದೆ. ಮೇಲೆ ಹೇಳಿದ ಹತ್ತು ವರ್ಷದ ಲೆಕ್ಕದಲ್ಲಿ ಎರಡು ಸಾಲಿಗೂ ಅವಲಂಬನೆ ಒಂದೇ ಬರುತ್ತದೆ, ಬೇಕಾದ ಜಲಾಶಯ ಮಾತ್ರ ಐದು ಪಟ್ಟು ಬೇರೆ. ಕೆಟ್ಟ 25 ವರ್ಷ ಚದುರಿ ಬಂದರೆ ರೈತ ತಡೆದುಕೊಂಡಾನು. ಮೂರು ವರ್ಷ ಒಟ್ಟಿಗೆ ಬಂದರೆ ಸಾಲ ಮೂರು ಪಟ್ಟಲ್ಲ, ಹೊಲವೇ ಹೋಗುತ್ತದೆ. 2001–02ರಿಂದ 2003–04ರವರೆಗೆ ಕರ್ನಾಟಕ ಅದನ್ನು ಕಂಡಿದೆ.

ಬಚಾವತ್ ತೀರ್ಪು ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಮುಂದಿನ ವರ್ಷಕ್ಕೆಂದು 150 ಟಿಎಂಸಿ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಆ ಮಟ್ಟಿಗೆ ಸಾಲಿನ ಮಹತ್ವ ಅಲ್ಲಿ ಕಂಡಿತ್ತು. ಕಾವೇರಿ ಕಣಿವೆಯಲ್ಲಿ ಕೃಷ್ಣರಾಜಸಾಗರ, ಹೇಮಾವತಿ, ಕಬಿನಿ, ಹಾರಂಗಿ ನಾಲ್ಕೂ ಸೇರಿ ಹಿಡಿಯುವುದು ಸುಮಾರು 114 ಟಿಎಂಸಿ. ಅವು ಬಹುಮಟ್ಟಿಗೆ ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರಿಗೆ ನಡೆಸುವ ಜಲಾಶಯಗಳು. ಆಸ್ವಾನ್‌ನಂಥ ಕಟ್ಟೆ ನಮ್ಮಲ್ಲಿ ಬೇಕೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಜಾಗವೂ ಇಲ್ಲ, ಮುಳುಗಿಸಲು ಮತ್ತಷ್ಟು ಊರುಗಳನ್ನು ಕೇಳುವ ಹಕ್ಕೂ ಇಲ್ಲ. ಹರ್ಸ್ಟ್ ಅವರ ಲೆಕ್ಕದಲ್ಲೇ ಇನ್ನೊಂದು ದಾರಿ ಇದೆ. ಸರಾಸರಿಯಷ್ಟೂ ನೀರನ್ನು ಬಿಡುವ ಹಟ ಬಿಟ್ಟು ಸ್ವಲ್ಪ ಕಡಿಮೆ ಬಿಡಲು ಒಪ್ಪಿದರೆ ಬೇಕಾಗುವ ಸಂಗ್ರಹ ಬಹಳ ಬೇಗ ಇಳಿಯುತ್ತದೆ. ನಾಲೆಯ ಸೋರಿಕೆ ನಿಲ್ಲಿಸುವುದು, ಕಬ್ಬು–ಭತ್ತದ ವಿಸ್ತೀರ್ಣ ಹಿಡಿತದಲ್ಲಿಡುವುದು, ಕೆರೆಗಳ ಹೂಳೆತ್ತುವುದು, ಇವೆಲ್ಲ ಈ ಲೆಕ್ಕದಲ್ಲಿ ಜಲಾಶಯ ಕಟ್ಟಿದಷ್ಟೇ ಬೆಲೆಯ ಕೆಲಸಗಳು.

ಆದ್ದರಿಂದ ನೀರಾವರಿ ಸಲಹಾ ಸಮಿತಿಯಲ್ಲಿ ಕೂರುವವರಲ್ಲಿ, ನೀರು ಬಳಕೆದಾರರ ಸಂಘದವರಲ್ಲಿ ನನ್ನದೊಂದು ಕೋರಿಕೆ. ಬೇಸಿಗೆ ಬೆಳೆಗೆ ನೀರು ಬಿಡುವ ಮುನ್ನ ಜಲಾಶಯದ ಇಂದಿನ ಮಟ್ಟದ ಜೊತೆಗೆ ಹಿಂದಿನ ಮೂರು ನಾಲ್ಕು ವರ್ಷಗಳ ಒಳಹರಿವನ್ನು ಬಂದ ಸಾಲಿನಲ್ಲೇ ಎದುರಿಗಿಟ್ಟುಕೊಳ್ಳಿ. ಈ ಸಲ ಮಳೆ ಕೈಕೊಟ್ಟಿದ್ದರೆ, ಮುಂದಿನ ಸಲ ಹೇಗೂ ಬರುತ್ತದೆ ಎಂಬ ಧೈರ್ಯದ ಮೇಲೆ ಕೊನೆಯ ಅಡಿ ನೀರನ್ನು ಖಾಲಿ ಮಾಡಬೇಡಿ.